ಗಣಕಯಂತ್ರದ ಬಾಲ್ಯವೂ ಕನ್ನಡದ ಅಕ್ಷರವೂ

ಅಕ್ಷರವೆಂದರೆ ನಾಶವಿಲ್ಲದ್ದು ಎಂದು ಹಿರಿಯರು ಅರ್ಥ ಹೇಳಿದ್ದಾರೆ. ಆದರೆ ಅಕ್ಷರವನ್ನು ಹೊರುವ ವಸ್ತುಗಳಿಗೆ ನಾಶವುಂಟು. ಕಲ್ಲು ಸವೆಯುತ್ತದೆ, ಓಲೆಗರಿಯನ್ನು ಹುಳು ತಿನ್ನುತ್ತದೆ, ಕಾಗದ ಹಳದಿಗಟ್ಟಿ ಪುಡಿಯಾಗುತ್ತದೆ. ಆದುದರಿಂದಲೇ ಪ್ರತಿಯೊಂದು ಯುಗವೂ ತನ್ನ ಅಕ್ಷರಗಳನ್ನು ಹಳೆಯ ವಾಹನದಿಂದ ಇಳಿಸಿ ಹೊಸ ವಾಹನಕ್ಕೆ ಏರಿಸಬೇಕಾಗುತ್ತದೆ. ಈ ವರ್ಗಾವಣೆಯ ಹೊತ್ತಿನಲ್ಲಿ ಕೆಲವು ಲಿಪಿಗಳು ದಾಟುತ್ತವೆ, ಕೆಲವು ಹಿಂದೆಯೇ ಉಳಿಯುತ್ತವೆ. 1980ರ ದಶಕದಲ್ಲಿ ಮೇಜಿನ ಮೇಲೆ ಇಡಬಹುದಾದ ಚಿಕ್ಕ ಗಣಕಯಂತ್ರವು ನಮ್ಮ ನಾಡಿಗೆ ಬಂದಾಗ ಕನ್ನಡವೂ ಇಂತಹದೇ ಒಂದು ದಾಟುವ ಕಡವಿನಲ್ಲಿ ನಿಂತಿತ್ತು. ಆ ಯಂತ್ರ ಎಷ್ಟು ಕಿರಿದಾಗಿತ್ತು, ಅದರ ಕಿರಿದುತನವು ನಮ್ಮ ಅಕ್ಷರಗಳಿಗೆ ಒಡ್ಡಿದ ಕಷ್ಟವೇನು, ಆ ಕಷ್ಟವನ್ನು ಕರಾವಳಿಯ ಒಬ್ಬ ವಿದ್ವಾಂಸರು ಹೇಗೆ ಬಿಡಿಸಿದರು ಎಂಬುದನ್ನು ವಿದ್ಯಾರ್ಥಿಗಳು ತಿಳಿಯುವುದು ಉಚಿತವಾಗಿದೆ.

ಅಂದಿನ ಯಂತ್ರದ ಸ್ವರೂಪ

ಮನೆಬಳಕೆಯ ಗಣಕಯಂತ್ರಗಳ ಚರಿತ್ರೆಯು ಅಮೆರಿಕದಲ್ಲಿ 1975ರಲ್ಲಿ ಬಂದ ಆಲ್ಟೇರ್ 8800 ಎಂಬ ಯಂತ್ರದಿಂದ ಆರಂಭವಾಗುತ್ತದೆಂದು ಸಾಮಾನ್ಯವಾಗಿ ಹೇಳುವರು. ಅದರ ಮೂಲ ರೂಪಕ್ಕೆ ಇದ್ದ ಸ್ಮೃತಿ ಕೇವಲ 256 ಬೈಟುಗಳು. ಎಂದರೆ ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುವಷ್ಟು ಅಕ್ಷರಗಳು. 1977ರಲ್ಲಿ ಆಪಲ್ 2 ಬಂದಿತು. 1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆಯು ತನ್ನ 'ಪರ್ಸನಲ್ ಕಂಪ್ಯೂಟರ್' ಅನ್ನು ಪ್ರಕಟಿಸಿತು. 'ಪಿಸಿ' ಎಂಬ ಎರಡಕ್ಷರದ ಹೆಸರು ಲೋಕದಲ್ಲಿ ನೆಲೆಗೊಂಡದ್ದು ಅಂದಿನಿಂದ. ಅದರ ಮಿದುಳು ಇಂಟೆಲ್ 8088. ವೇಗ ಸೆಕೆಂಡಿಗೆ 47 ಲಕ್ಷ 70 ಸಾವಿರ ಮಿಡಿತ. ಕನಿಷ್ಠ ಸ್ಮೃತಿ 16 ಕಿಲೋಬೈಟ್. ಇಂದು ಸಾಮಾನ್ಯರ ಕೈಯಲ್ಲಿರುವ 4 ಗಿಗಾಬೈಟಿನ ಫೋನಿನ ಸ್ಮೃತಿಯು ಅದರ 2,62,144 ಪಟ್ಟು ಎಂಬುದನ್ನು ಗುಣಿಸಿ ನೋಡಿದರೆ ಅಂದಿನ ಯಂತ್ರದ ಬಡತನ ಮನಸ್ಸಿಗೆ ಬರುತ್ತದೆ.

ಭಾರತಕ್ಕೆ ಈ ಯಂತ್ರಗಳು ತಡೆದು ಬಂದವು. 1978ರಲ್ಲಿ ಐಬಿಎಂ ದೇಶವನ್ನು ಬಿಟ್ಟಿತ್ತು. ದೇಶೀಯ ಕಂಪನಿಗಳು ತಮ್ಮದೇ ಯಂತ್ರಗಳನ್ನು ಕಟ್ಟತೊಡಗಿದ್ದವು. 1984ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಹೊಸ ಗಣಕ ನೀತಿಯು ಬಿಡಿಭಾಗಗಳ ಆಮದನ್ನು ಸಡಿಲಗೊಳಿಸಿತು. ಅದೇ ವರ್ಷ 'ಕ್ಲಾಸ್' ಎಂಬ ಹೆಸರಿನ ಯೋಜನೆಯಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಡುವ ಪ್ರಯೋಗ ಪ್ರಾರಂಭವಾಯಿತು. 32 ಕಿಲೋಬೈಟ್ ಸ್ಮೃತಿಯ ಈ ಯಂತ್ರವೇ ಅನೇಕ ಭಾರತೀಯ ವಿದ್ಯಾರ್ಥಿಗಳು ಕಂಡ ಮೊದಲ ಗಣಕಯಂತ್ರ.

ಆ ಕಾಲವನ್ನು ಕಂಡವರಿಗೆ ಗಣಕದ ಕೋಣೆಯು ಗರ್ಭಗುಡಿಯಂತೆ ನೆನಪಿನಲ್ಲಿ ಉಳಿದಿದೆ. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹೋಗಬೇಕು. ಇಡೀ ಕಟ್ಟಡದಲ್ಲಿ ತಂಪು ಗಾಳಿಯಿದ್ದರೆ ಅದೊಂದೇ ಕೋಣೆಗೆ. ಅದೂ ಮನುಷ್ಯರಿಗಾಗಿ ಅಲ್ಲ, ಯಂತ್ರಕ್ಕಾಗಿ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡುತ್ತಿದ್ದವು. ಐದೂಕಾಲು ಅಂಗುಲದ ಮೆತ್ತನೆಯ ಫ್ಲಾಪಿ ತಟ್ಟೆಯನ್ನು ಕಾಗದದ ಚೀಲದಿಂದ ಬೆರಳ ತುದಿಯಲ್ಲಿ ಹಿಡಿದು ತೆಗೆಯಬೇಕು. ಅದರ ತೆರೆದ ಭಾಗವನ್ನು ಮುಟ್ಟಿದರೆ ಗುರುಗಳ ಗದರಿಕೆ ತಪ್ಪದು. ಎರಡೂ ಮಗ್ಗುಲು ಬರೆಯಬಹುದಾದ ಅಂತಹ ತಟ್ಟೆಯಲ್ಲಿ ಹಿಡಿಸುತ್ತಿದ್ದುದು 360 ಕಿಲೋಬೈಟ್, ಸುಮಾರು ಮೂರೂವರೆ ಲಕ್ಷ ಅಕ್ಷರಗಳು. ಚುಕ್ಕಿ ಮುದ್ರಕವು ಅಂಚಿನಲ್ಲಿ ತೂತುಗಳುಳ್ಳ ಉದ್ದನೆಯ ಕಾಗದವನ್ನು ಎಳೆದುಕೊಳ್ಳುತ್ತ ಕರ್ಕಶವಾಗಿ ಕಿರುಗುಟ್ಟುತ್ತಿತ್ತು. ಕರಾವಳಿಯ ಮಳೆಗಾಲವಂತೂ ಈ ಯಂತ್ರಗಳಿಗೆ ಪರೀಕ್ಷೆಯ ಕಾಲ. ತೇವಕ್ಕೆ ಫ್ಲಾಪಿಗಳ ಮೇಲೆ ಬೂಷ್ಟು ಹಿಡಿಯುವುದು, ಸಿಡಿಲಿನ ಹೊತ್ತಿನಲ್ಲಿ ವಿದ್ಯುತ್ತು ಹೋಗಿ ಉಳಿಸದೆ ಇದ್ದ ಕೆಲಸವೆಲ್ಲ ಅಳಿಯುವುದು, ಕಡಲ ಗಾಳಿಯ ಉಪ್ಪಿಗೆ ಲೋಹದ ಸಂಪರ್ಕಗಳು ಕಿಲುಬುಗಟ್ಟುವುದು ಇವೆಲ್ಲ ಸಾಮಾನ್ಯ ಸಂಗತಿಗಳಾಗಿದ್ದವು.

ಉಡುಪಿಯ ಮಟ್ಟಿಗೆ ಗಣಕಯಂತ್ರದ ಪ್ರಶ್ನೆ ಬರಿಯ ಕುತೂಹಲದ್ದಾಗಿರಲಿಲ್ಲ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನೂ 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯನ್ನೂ ಹೆತ್ತ ಊರು ಅದು. ಕಡತ, ಖಾತೆಪುಸ್ತಕ, ಲೆಕ್ಕ ಇವೇ ಅಲ್ಲಿಯ ಎಷ್ಟೋ ಮನೆಗಳ ಅನ್ನವಾಗಿದ್ದವು. 1983ರಲ್ಲಿ ಬ್ಯಾಂಕುಗಳ ಆಡಳಿತಕ್ಕೂ ನೌಕರರ ಸಂಘಟನೆಗಳಿಗೂ ಯಂತ್ರಗಳ ಮಿತ ಬಳಕೆಯ ಬಗ್ಗೆ ಒಪ್ಪಂದವಾಯಿತು; 1984ರಲ್ಲಿ ರಂಗರಾಜನ್ ಸಮಿತಿಯು ಶಾಖೆಗಳಲ್ಲಿ ಗಣಕೀಕರಣಕ್ಕೆ ದಾರಿ ತೋರಿಸಿತು. ಯಂತ್ರ ಬಂದರೆ ಕೆಲಸ ಹೋದೀತೆಂಬ ಭಯ ಒಂದು ಕಡೆ. ಯಂತ್ರ ಬರೆಯುವುದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾತ್ರ ಓದಬಲ್ಲ ಕೃಷಿಕನಿಗೆ ತನ್ನ ಹಣದ ಲೆಕ್ಕವನ್ನು ಓದಿಕೊಳ್ಳಲು ಇನ್ನೊಬ್ಬನ ಹಂಗು ಬೇಕಾದೀತೆಂಬ ಚಿಂತೆ ಇನ್ನೊಂದು ಕಡೆ. ಎರಡನೆಯ ಚಿಂತೆಯು ಮೊದಲನೆಯದಷ್ಟು ಗಟ್ಟಿಯಾಗಿ ಕೇಳಿಸಲಿಲ್ಲ. ಆದರೆ ಅದು ಆಳವಾದುದಾಗಿತ್ತು.

ಕಾಪುವಿನ ದೀಪ ಹೇಳುವ ಪಾಠ

ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ. ಅದಕ್ಕೆ ತಿಳಿದಿರುವುದು ಎರಡೇ ಸ್ಥಿತಿ: ವಿದ್ಯುತ್ತು ಇದೆ, ಇಲ್ಲ. ಕಾಪುವಿನ ಕಡಲತೀರದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ಕಂಡವರಿಗೆ ಈ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಕತ್ತಲಲ್ಲಿ ದೋಣಿಯಲ್ಲಿರುವವನಿಗೆ ದೀಪವು ಮಾತನಾಡುವುದಿಲ್ಲ. ಬೆಳಕು, ಕತ್ತಲೆ, ಮತ್ತೆ ಬೆಳಕು ಎಂಬ ಲಯವೊಂದೇ ಅವನಿಗೆ ದೊರೆಯುವ ಸುದ್ದಿ. ಆ ಲಯವನ್ನು ಮೊದಲೇ ಬಲ್ಲವನು 'ಇದು ಇಂಥ ಊರಿನ ದೀಪ' ಎಂದು ಗುರುತಿಸುತ್ತಾನೆ. ಗಣಕದಲ್ಲಿಯೂ ಹಾಗೆಯೇ. ಬೆಳಕು ಅಥವಾ ಕತ್ತಲೆ ಎಂಬ ಒಂದು ಸಂಕೇತಕ್ಕೆ ಬಿಟ್ ಎಂದು ಹೆಸರು. ಎಂಟು ಬಿಟ್ಟುಗಳು ಸೇರಿದರೆ ಒಂದು ಬೈಟ್. ಎರಡನ್ನು ಎಂಟು ಬಾರಿ ಗುಣಿಸಿದರೆ 256. ಒಂದು ಬೈಟಿನಲ್ಲಿ 256 ಬೇರೆ ಬೇರೆ ಲಯಗಳನ್ನು ಹೇಳಬಹುದು, ಅದಕ್ಕಿಂತ ಒಂದೂ ಹೆಚ್ಚಿಲ್ಲ.

ಇಂಗ್ಲಿಷಿಗೆ ಈ 256 ಮನೆಗಳು ಧಾರಾಳವಾಗಿ ಸಾಕು. ದೊಡ್ಡಕ್ಷರ 26, ಚಿಕ್ಕಕ್ಷರ 26, ಅಂಕೆ 10, ಒಂದಿಷ್ಟು ಚಿಹ್ನೆಗಳು. ನೂರು ಮನೆ ತುಂಬುವುದೇ ಕಷ್ಟ. ಪರದೆಯ ಮೇಲೆ ಸಾಲಿಗೆ 80 ಅಕ್ಷರದಂತೆ 25 ಸಾಲು, ಒಟ್ಟು 2,000 ಚೌಕಗಳು. ಪ್ರತಿ ಚೌಕದಲ್ಲಿಯೂ ಒಂದೇ ಅಕ್ಷರ. ಐಬಿಎಂ ಯಂತ್ರದ ಬಣ್ಣದ ಪರದೆಯಲ್ಲಿ ಆ ಚೌಕದ ಅಗಲ 8 ಚುಕ್ಕಿ, ಎತ್ತರ 8 ಚುಕ್ಕಿ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟೇ ಜಾಗ ಸಾಕು. ಏಕೆಂದರೆ ಅಲ್ಲಿ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ಕುಳಿತುಕೊಳ್ಳುತ್ತವೆ. ಒಂದರ ಕೆಳಗೆ ಇನ್ನೊಂದು ನಿಲ್ಲುವ ಪದ್ಧತಿಯಿಲ್ಲ.

ಕನ್ನಡಕ್ಕೆ ಬಂದ ಸಂಕಟ

ಈಗ ಕನ್ನಡವನ್ನು ಅದೇ ಯಂತ್ರದ ಮುಂದೆ ನಿಲ್ಲಿಸಿ ನೋಡೋಣ. ನಮ್ಮ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ವರ್ಣಗಳು. ಇಷ್ಟೇ ಆಗಿದ್ದರೆ ತೊಂದರೆಯಿಲ್ಲ. ಆದರೆ ಒಂದೊಂದು ವ್ಯಂಜನಕ್ಕೂ ಕಾಗುಣಿತ ಬರೆದರೆ 15 ರೂಪಗಳಾಗಿ, 34 ವ್ಯಂಜನಗಳಿಗೆ 510 ರೂಪಗಳಾಗುತ್ತವೆ. ಒಂದು ವ್ಯಂಜನದ ಕೆಳಗೆ ಇನ್ನೊಂದರ ಒತ್ತು ಬರುವ ಸಾಧ್ಯತೆಗಳು, ಲೆಕ್ಕಕ್ಕೆ ಮಾತ್ರ ಹೇಳುವುದಾದರೆ, 34ನ್ನು 34ರಿಂದ ಗುಣಿಸಿದಂತೆ 1,156. ಅವುಗಳಿಗೆ 13 ಸ್ವರಗಳನ್ನು ಸೇರಿಸಿದರೆ 15,028. ಇವುಗಳಲ್ಲಿ ಬಳಕೆಗೆ ಬರುವುವು ಸ್ವಲ್ಪವೇ ಆದರೂ ಆ ಸ್ವಲ್ಪವೂ 256 ಮನೆಗಳಲ್ಲಿ ಹಿಡಿಸುವಂಥದಲ್ಲ.

ಮನೆಯ ಸಂಖ್ಯೆಯದು ಒಂದು ತೊಡಕಾದರೆ ಮನೆಯ ಅಳತೆಯದು ಇನ್ನೊಂದು. ವಿದ್ಯಾರ್ಥಿಗಳು ಚೌಕುಳಿ ಕಾಗದದ ಮೇಲೆ ಎಂಟು ಚೌಕ ಅಗಲ, ಎಂಟು ಚೌಕ ಎತ್ತರದ ಒಂದು ಆವರಣವನ್ನು ಗುರುತಿಸಿ, ಚೌಕಗಳನ್ನು ಪೂರ್ತಿಯಾಗಿ ತುಂಬುವುದರಿಂದಲೇ 'ಕ'ಕಾರವನ್ನು ಬರೆಯಲು ಪ್ರಯತ್ನಿಸಲಿ. ಹೇಗೋ ಮೂಡೀತು. ಅನಂತರ ಅದೇ ಆವರಣದಲ್ಲಿ 'ಕ್ತಿ' ಎಂದು ಬರೆಯಲು ಯತ್ನಿಸಲಿ. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು: ಮೂರು ಅಂತಸ್ತಿನ ಮನೆಯನ್ನು ಒಂದು ಗೂಡಿನಲ್ಲಿ ಕಟ್ಟಲಾಗದೆಂಬುದು ಕೂಡಲೇ ಅನುಭವಕ್ಕೆ ಬರುತ್ತದೆ.

ಅಕ್ಷರಗಳ ಚೌಕಗಳನ್ನು ಬಿಟ್ಟು ಇಡೀ ಪರದೆಯನ್ನೇ ಚಿತ್ರವಾಗಿ ಭಾವಿಸಿ, ಚುಕ್ಕಿಚುಕ್ಕಿಯಾಗಿ ಕನ್ನಡವನ್ನು ಬರೆಯುವುದು ಇನ್ನೊಂದು ಉಪಾಯ. ಆದರೆ ಇಲ್ಲಿ ಸ್ಮೃತಿಯ ಬಡತನ ಅಡ್ಡ ಬರುತ್ತಿತ್ತು. ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಯಂತ್ರವನ್ನೇ ನೋಡಬಹುದು. ಸಾಲಿಗೆ 40 ಅಕ್ಷರಗಳ ಸರಳ ಪರದೆಗೆ ಅದು ಖರ್ಚುಮಾಡುತ್ತಿದ್ದುದು 1 ಕಿಲೋಬೈಟ್ ಮಾತ್ರ. ಅಗಲಕ್ಕೆ 640, ಎತ್ತರಕ್ಕೆ 256 ಚುಕ್ಕಿಗಳ ಚಿತ್ರಪರದೆಗೆ 20 ಕಿಲೋಬೈಟ್ ಬೇಕು. ಇರುವ 32ರಲ್ಲಿ 20 ಹೋದರೆ ಉಳಿಯುವುದು 12; ಯಂತ್ರದ ಸ್ವಂತ ಖರ್ಚನ್ನು ಕಳೆದರೆ ಇನ್ನೂ ಕಡಿಮೆ. ಇಷ್ಟು ಕೊಟ್ಟೂ ಒಂದು ಸಾಲಿಗೆ 24 ಚುಕ್ಕಿಗಳ ಎತ್ತರವಿಟ್ಟರೆ ಪರದೆಯಲ್ಲಿ ಕಾಣುವುದು 10 ಸಾಲು ಕನ್ನಡ. ಬರೆಯಲು ಹಲಗೆ ಸಿಕ್ಕಿತು, ಬರೆದದ್ದನ್ನು ನೆನಪಿಡಲು ಜಾಗವಿಲ್ಲ ಎಂಬಂತಾಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಗಾದೆ. ಹಾಸಿಗೆ ಸಾಲದೆಂದು ಕಾಲನ್ನೇ ಕತ್ತರಿಸೆಂದು ಯಾವ ಗಾದೆಯೂ ಹೇಳಿಲ್ಲ. ಆದರೂ ಒತ್ತಕ್ಷರಗಳನ್ನು ಕೈಬಿಟ್ಟು ಲಿಪಿಯನ್ನೇ ಸರಳಗೊಳಿಸಿದರೆ ಯಂತ್ರಕ್ಕೆ ಒಗ್ಗೀತೆಂಬ ಸಲಹೆಗಳು ಬೆರಳಚ್ಚು ಯಂತ್ರದ ಕಾಲದಿಂದಲೂ ಇದ್ದವು. ಯಂತ್ರಕ್ಕಾಗಿ ಲಿಪಿಯೋ, ಲಿಪಿಗಾಗಿ ಯಂತ್ರವೋ ಎಂಬುದೇ ಆಗಿನ ನಿಜವಾದ ಪ್ರಶ್ನೆ.

ಅಚ್ಚುಮೊಳೆಯ ಪರಂಪರೆ

ಈ ಪ್ರಶ್ನೆಯನ್ನು ಎದುರಿಸಲು ಕರಾವಳಿಯಲ್ಲಿ ಒಂದು ಹಿನ್ನೆಲೆ ಸಿದ್ಧವಾಗಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣವನ್ನು ಪ್ರಾರಂಭಿಸಿತು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವು 1843ರಲ್ಲಿ ಅಲ್ಲಿಂದ ಹೊರಟಿತು. ಸುಮಾರು 70,000 ಪದಗಳ ಕಿಟೆಲ್ ನಿಘಂಟು 1894ರಲ್ಲಿ ಅದೇ ಊರಿನಲ್ಲಿ ಅಚ್ಚಾಯಿತು. ಮಣಿಪಾಲದಲ್ಲಿ ವಿದ್ಯಾಸಂಸ್ಥೆಗಳ ಜೊತೆಜೊತೆಗೆ ಮುದ್ರಣೋದ್ಯಮವೂ ಬೆಳೆಯಿತು. 1970ರಲ್ಲಿ ಅಲ್ಲಿಂದ 'ಉದಯವಾಣಿ' ದಿನಪತ್ರಿಕೆ ಹೊರಟಿತು.

ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನ ಮುಂದೆ ನೂರಾರು ಗೂಡುಗಳ ಪೆಟ್ಟಿಗೆ ಇರುತ್ತಿತ್ತು. ಕಣ್ಣು ಪ್ರತಿಯಲ್ಲಿ, ಕೈ ಗೂಡಿನಲ್ಲಿ. ಗುಣಿತಾಕ್ಷರಕ್ಕೊಂದು ಮೊಳೆ, ಒತ್ತಿಗೊಂದು ಮೊಳೆ. ಇಲ್ಲಿ ಅಕ್ಷರವೆಂದರೆ ಆಕಾರ. ಕೆ. ಅನಂತಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿದಾಗ ಆಕಾರಗಳನ್ನು ಇನ್ನೂ ಚಿಕ್ಕ ತುಂಡುಗಳಾಗಿ ಒಡೆಯಬೇಕಾಯಿತು: ತಲೆಕಟ್ಟು, ಗುಡಿಸು, ಕೊಂಬು, ಒತ್ತು. ಗಣಕಯಂತ್ರ ಬಂದಾಗಲೂ ಬಹಳ ಮಂದಿ ಇದೇ ಹಾದಿಯನ್ನು ಹಿಡಿದರು. 256 ಮನೆಗಳಲ್ಲಿ ಅಕ್ಷರದ ತುಂಡುಗಳನ್ನು ತುಂಬಿ, ತುಂಡಿಗೆ ತುಂಡು ಜೋಡಿಸಿ ಕನ್ನಡವನ್ನು ಕಾಣಿಸಿದರು. ಕಣ್ಣಿಗೆ ಅದು ಕನ್ನಡವೇ. ಯಂತ್ರದ ಒಳಗೆ ಮಾತ್ರ ಅದು ಒಡೆದ ಮಡಕೆಯ ಚೂರುಗಳ ರಾಶಿ.

ನಾಲ್ಕು ಊರುಗಳ ಹೆಸರು

ಬೇರೊಂದು ಹಾದಿಯಿತ್ತು. ಅದನ್ನು ಕಾಣಬೇಕಾದರೆ ಆಕಾರವನ್ನು ಬಿಟ್ಟು ಧ್ವನಿಯ ಕಡೆಗೆ ನೋಡಬೇಕು. ಈ ಭೇದವನ್ನು ಉಡುಪಿ ಜಿಲ್ಲೆಯ ನಾಲ್ಕು ಊರುಗಳ ಹೆಸರಿನಿಂದಲೇ ತಿಳಿಯಬಹುದು.

'ಉಡುಪಿ' ಎಂಬಲ್ಲಿ ಉಕಾರ ಎರಡು ಸಲ ಬರುತ್ತದೆ. ಮೊದಲನೆಯದು ಸ್ವತಂತ್ರ ಅಕ್ಷರ. ಎರಡನೆಯದು ಡಕಾರಕ್ಕೆ ಅಂಟಿದ ಕೊಂಬು. ಕಣ್ಣಿಗೆ ಎರಡು ಆಕಾರ, ಕಿವಿಗೆ ಒಂದೇ ಸ್ವರ. 'ಕಾಪು' ಎಂಬಲ್ಲಿ ಪಕಾರದ ಕೊಂಬನ್ನು ನೋಡಬೇಕು. 'ಕು', 'ತು' ಮುಂತಾದವುಗಳಲ್ಲಿ ಬಲಕ್ಕೆ ಅಂಟುವ ಕೊಂಬು, 'ಪು', 'ವು' ಎಂಬಲ್ಲಿ ಕೆಳಗಿನಿಂದ ಸೇರಿ ಬೇರೆ ರೂಪವನ್ನು ತಾಳುತ್ತದೆ. ವಕಾರಕ್ಕೆ ಸಾಮಾನ್ಯ ಕೊಂಬನ್ನು ಕೊಟ್ಟರೆ ಅದು ಮಕಾರವೆಂದೇ ತೋರುವುದರಿಂದ ಈ ವ್ಯವಸ್ಥೆ. 'ಮಣಿಪಾಲ'ದಲ್ಲಿ ಗುಡಿಸು ಣಕಾರದ ತಲೆಯ ಮೇಲೆ ಬೆಸೆದುಕೊಳ್ಳುತ್ತದೆ. ಪಕಾರವು ತಲೆಕಟ್ಟನ್ನು ಬಿಟ್ಟು ಇಳಿಯನ್ನು ಪಡೆಯುತ್ತದೆ. 'ಕಾರ್ಕಳ'ವಂತೂ ಎಲ್ಲಕ್ಕಿಂತ ಕಠಿಣ. ಬಾಯಿ ಮೊದಲು ರಕಾರವನ್ನು ನುಡಿದು ಆಮೇಲೆ ಕಕಾರವನ್ನು ನುಡಿಯುತ್ತದೆ. ಕೈ ಮೊದಲು ಕಕಾರವನ್ನು ಬರೆದು ಆಮೇಲೆ ಅದರ ಬಲಕ್ಕೆ ಅರ್ಕಾವೊತ್ತನ್ನು ಬರೆಯುತ್ತದೆ. ನುಡಿಯ ಕ್ರಮ ಒಂದು, ಬರಹದ ಕ್ರಮ ಇನ್ನೊಂದು.

ಬೆರಳಚ್ಚು ಯಂತ್ರದಲ್ಲಿ ಈ ಎಲ್ಲ ಭೇದಗಳನ್ನೂ ಬರೆಯುವವನೇ ನೆನಪಿಡಬೇಕು. ಆದರೆ ಗಣಕಯಂತ್ರವು ನಿಯಮವನ್ನು ಪಾಲಿಸಬಲ್ಲ ಯಂತ್ರ. ಎಷ್ಟು ಕಿರಿದಾದರೂ ಅದಕ್ಕೆ 'ಹೀಗಿದ್ದರೆ ಹೀಗೆ ಮಾಡು' ಎಂಬ ಆಜ್ಞೆ ತಿಳಿಯುತ್ತದೆ. ಉಕಾರವು ವ್ಯಂಜನದ ಬಳಿಕ ಬಂದರೆ ಕೊಂಬನ್ನು ತೋರಿಸು, ಇಲ್ಲವಾದರೆ ಪೂರ್ಣಾಕ್ಷರವನ್ನು ತೋರಿಸು. ಆ ವ್ಯಂಜನ ಪಕಾರವಾದರೆ ಬೇರೆ ಕೊಂಬನ್ನು ತೋರಿಸು. ಅರ್ಧ ರಕಾರದ ಬಳಿಕ ವ್ಯಂಜನ ಬಂದರೆ ಒತ್ತನ್ನು ಹಿಂದಕ್ಕೆ ಸರಿಸು. ಇಂತಹ ಆಜ್ಞೆಗಳನ್ನು ಒಮ್ಮೆ ಬರೆದಿಟ್ಟರೆ ಆಕಾರದ ಭಾರವನ್ನು ಯಂತ್ರ ಹೊರುತ್ತದೆ, ಮನುಷ್ಯ ಧ್ವನಿಯನ್ನು ಮಾತ್ರ ಹೇಳಿದರೆ ಸಾಕು. ಇದೇನೂ ಹೊಸ ವಿದ್ಯೆಯಲ್ಲ. 'ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು' ಎಂದು ಮರಳಿನ ಮೇಲೆ ತಿದ್ದುತ್ತ ನಮ್ಮ ಅಜ್ಜಂದಿರು ಬಾಯಿಪಾಠ ಮಾಡಿದ ಕಾಗುಣಿತವೇ ಇಂತಹ ಒಂದು ಕ್ರಮವಿಧಿ.

ಕೆ. ಪಿ. ರಾವ್ ಅವರ ಕೀಲಿಮಣೆ

ಈ ಸತ್ಯವನ್ನು ಕೀಲಿಮಣೆಯಾಗಿ ಪರಿವರ್ತಿಸಿದವರು ಕಿನ್ನಿಕಂಬಳ ಪದ್ಮನಾಭ ರಾವ್, ಕನ್ನಡಿಗರಿಗೆ ಕೆ. ಪಿ. ರಾವ್ ಎಂದು ಪರಿಚಿತರು. ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಇವರು ಮುಂಬಯಿಯಲ್ಲಿ ದುಡಿದು, ಟಾಟಾ ಪ್ರೆಸ್ಸಿನಲ್ಲಿ ಅಕ್ಷರಜೋಡಣೆಯ ಯಂತ್ರವಿದ್ಯೆಯನ್ನು ಬಲ್ಲವರಾಗಿ, ಮುಂದೆ ಮಣಿಪಾಲದಲ್ಲಿ ಬೋಧಿಸಿ, ಉಡುಪಿಯಲ್ಲಿ ನೆಲೆಸಿದರು. ಭಾಷೆ, ಲಿಪಿ, ಮುದ್ರಣ, ಗಣಕ ಈ ನಾಲ್ಕನ್ನೂ ಒಟ್ಟಿಗೆ ಬಲ್ಲವರು ಅಂದು ವಿರಳವಾಗಿದ್ದರು.

ಅವರ ಲೆಕ್ಕ ಬಹು ಸರಳ. ಇಂಗ್ಲಿಷ್ ಕೀಲಿಮಣೆಯಲ್ಲಿ ಅಕ್ಷರದ ಕೀಲಿಗಳು 26. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಇನ್ನೂ 26. ಒಟ್ಟು 52 ಸ್ಥಾನಗಳು. ಕನ್ನಡದ ವರ್ಣಗಳು 49. ವ್ಯಂಜನದಿಂದ ಅಕಾರವನ್ನು ಕಳೆದು ಮುಂದಿನ ವ್ಯಂಜನಕ್ಕೆ ಬೆಸೆಯುವ ಕೊಂಡಿ ಒಂದು. ಅದಕ್ಕೆ 'ಎಫ್' ಕೀಲಿ. ಒಟ್ಟು 50. ಹದಿನೈದು ಸಾವಿರ ರೂಪಗಳೆಂದು ಹೆದರಿಸಿದ ಲಿಪಿಯು ಇಡಿಯಾಗಿ 26 ಕೀಲಿಗಳಲ್ಲಿ ಹಿಡಿಸಿ, ಎರಡು ಸ್ಥಾನಗಳು ಮಿಕ್ಕವು. ಹೆಚ್ಚಿನ ವರ್ಣಗಳು ಧ್ವನಿಗೆ ಹೊಂದುವ ಇಂಗ್ಲಿಷ್ ಅಕ್ಷರದ ಮೇಲೆಯೇ ಕುಳಿತವು: 'ಕೆ' ಒತ್ತಿದರೆ ಕ, ಶಿಫ್ಟಿನೊಡನೆ ಖ; 'ಜಿ' ಒತ್ತಿದರೆ ಗ, ಶಿಫ್ಟಿನೊಡನೆ ಘ. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್. ಹ್ರಸ್ವಕ್ಕೆ ಬರಿಯ ಕೀಲಿ, ದೀರ್ಘಕ್ಕೆ ಶಿಫ್ಟ್. ವ್ಯಾಕರಣದ ಮೊದಲ ಪಾಠವೇ ಬೆರಳುಗಳಿಗೆ ಇಳಿಯಿತು.

'ಉಡುಪಿ' ಎಂದು ಬರೆಯಲು ಯು, ಡಬ್ಲ್ಯು, ಯು, ಪಿ, ಐ ಎಂಬ ಐದು ಒತ್ತುಗಳು ಸಾಕು. ಎರಡು ಉಕಾರಗಳಿಗೂ ಒಂದೇ ಕೀಲಿ. 'ಕಾರ್ಕಳ' ಬರೆಯುವಾಗ ಕೆ, ಶಿಫ್ಟಿನೊಡನೆ ಎ, ಆರ್, ಎಫ್, ಕೆ, ಶಿಫ್ಟಿನೊಡನೆ ಎಲ್. ಬಾಯಿ ನುಡಿದ ಕ್ರಮದಲ್ಲಿಯೇ ಬೆರಳು ನಡೆಯುತ್ತದೆ. ಅರ್ಕಾವೊತ್ತನ್ನು ಎಲ್ಲಿ ಇಡಬೇಕೆಂಬ ಚಿಂತೆ ಯಂತ್ರದ್ದು. 'ಕನ್ನಡ' ಎಂಬ ಪದಕ್ಕೂ ಐದೇ ಒತ್ತುಗಳು: ಕೆ, ಎನ್, ಎಫ್, ಎನ್, ಡಬ್ಲ್ಯು.

ಕೆ. ಪಿ. ರಾವ್ ಅವರು ತಾವು ರೂಪಿಸಿದ ತಂತ್ರಾಂಶಕ್ಕೆ 'ಸೇಡಿಯಾಪು' ಎಂದು ಹೆಸರಿಟ್ಟರು. ಛಂದಸ್ಸು, ವ್ಯಾಕರಣ, ನಿರುಕ್ತಗಳಲ್ಲಿ ಪ್ರಕಾಂಡರಾಗಿದ್ದ ಕರಾವಳಿಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರಿಗೆ ಸಲ್ಲಿಸಿದ ಗೌರವವಿದು. ಕೀಲಿಮಣೆಯ ಮೇಲೆ ಅವರು ಒಡೆತನವನ್ನು ಹೂಡಲಿಲ್ಲ, ಬೆಲೆ ಕಟ್ಟಲಿಲ್ಲ, ಬೇಕಾದವರು ಬಳಸಲೆಂದು ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶವು ಇದೇ ವಿನ್ಯಾಸವನ್ನು ಅಳವಡಿಸಿಕೊಂಡಿತು. ಕರ್ನಾಟಕ ಸರ್ಕಾರವು ಅದನ್ನು ಅಧಿಕೃತ ವಿನ್ಯಾಸವೆಂದು ಅಂಗೀಕರಿಸಿತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ' ತಂತ್ರಾಂಶವು ಕನ್ನಡವನ್ನು ಮನೆಮನೆಯ ಗಣಕಕ್ಕೆ ಒಯ್ದಿತು. ಅದರಲ್ಲಿಯೂ ಈ ಕೀಲಿಮಣೆಗೆ ಸ್ಥಾನ ದೊರೆಯಿತು.

ಉಳಿದುದೂ ಅಳಿದುದೂ

ಕೆ. ಪಿ. ರಾವ್ ಅವರ ಪ್ರಯತ್ನ ಒಂಟಿಯಾದುದಲ್ಲ. ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆದ ಸಂಶೋಧನೆಯಿಂದ 'ಜಿಸ್ಟ್' ಎಂಬ ಪದ್ಧತಿ ಹುಟ್ಟಿತು. 1988ರಲ್ಲಿ ಸ್ಥಾಪಿತವಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯು ಅದನ್ನು ಗಣಕದೊಳಗೆ ಸಿಕ್ಕಿಸುವ ಹಲಗೆಯ ರೂಪದಲ್ಲಿ ಬೆಳೆಸಿತು. ಭಾರತದ ಲಿಪಿಗಳು ಬ್ರಾಹ್ಮಿಯ ಮಕ್ಕಳಾದುದರಿಂದ ವರ್ಣಮಾಲೆಯ ಕ್ರಮ ಎಲ್ಲಕ್ಕೂ ಒಂದೇ ಎಂಬ ತತ್ತ್ವದ ಮೇಲೆ 'ಇಸ್ಕಿ' ಎಂಬ ಸಂಕೇತವ್ಯವಸ್ಥೆ ಸಿದ್ಧವಾಗಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಪ್ರಕಟವಾದ ವಿಶ್ವಮಾನಕ ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಓಣಿ ದೊರೆಯಿತು. ಅಲ್ಲಿಯೂ ಇರುವುದು ಧ್ವನಿಯ ವರ್ಣಗಳೇ ಹೊರತು ಆಕಾರದ ತುಂಡುಗಳಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಅಕ್ಷರಶೈಲಿಯೊಡನೆ ಕನ್ನಡವು ಯಂತ್ರದ ಸ್ವಂತ ಭಾಷೆಗಳಲ್ಲಿ ಒಂದಾಯಿತು.

ಆದರೆ ಹಾನಿಯೂ ಆಗದೆ ಇರಲಿಲ್ಲ. ತುಂಡುಗಳನ್ನು ಜೋಡಿಸುವ ಹಾದಿ ಹಿಡಿದ ಪ್ರತಿಯೊಂದು ತಂತ್ರಾಂಶವೂ ತನ್ನದೇ ಅಂಕೆಗಳನ್ನು ಕೊಟ್ಟಿತ್ತು. ಒಂದರಲ್ಲಿ 200ನೆಯ ಮನೆಯಲ್ಲಿ ಕೊಂಬಿದ್ದರೆ ಇನ್ನೊಂದರಲ್ಲಿ ಅದೇ ಮನೆಯಲ್ಲಿ ತಒತ್ತು. ಒಬ್ಬನು ಬರೆದದ್ದನ್ನು ಇನ್ನೊಬ್ಬನ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀರುಗಳು. ಆ ಅಕ್ಷರಶೈಲಿ ಮರೆಯಾದರೆ ಬರಹವೂ ಮರೆಯಾಯಿತು. ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ನಿಲ್ಲಿಸಿದ ಗೊಮ್ಮಟನ ಪಕ್ಕದ ಶಾಸನವನ್ನು ಇಂದಿಗೂ ಬಲ್ಲವರು ಓದುತ್ತಾರೆ. ಮೂವತ್ತು ನಲವತ್ತು ವರ್ಷಗಳ ಹಿಂದಿನ ಫ್ಲಾಪಿಯಲ್ಲಿ ಬರೆದಿಟ್ಟ ಕನ್ನಡವನ್ನು ಓದಲು ಇಂದು ಆ ತಟ್ಟೆಯನ್ನು ತಿರುಗಿಸುವ ಯಂತ್ರವೂ ಬೇಕು, ಆ ತಂತ್ರಾಂಶವೂ ಬೇಕು. ಎರಡೂ ದೊರೆಯುವುದು ಕಷ್ಟ. ಕಲ್ಲಿಗಿಂತ ಯಂತ್ರ ಬಲ್ಲಿದವೆಂದು ಬೀಗುವವರು ಇದನ್ನು ನೆನಪಿಡಬೇಕು.

ದಾಟುವ ಕಡವಿನಲ್ಲಿ ಬಹುಕಾಲ ಕಾದ ಲಿಪಿಯೂ ಇದೇ ನೆಲದಲ್ಲಿದೆ. ಮಧ್ವಾಚಾರ್ಯರ ಶಿಷ್ಯ ಹೃಷೀಕೇಶತೀರ್ಥರು ಬರೆದಿಟ್ಟರೆಂಬ ಸರ್ವಮೂಲ ಗ್ರಂಥಗಳ ಓಲೆಗರಿ, ಪಲಿಮಾರು ಮಠದ ನಿಧಿ, ತುಳು ಲಿಪಿಯದು. ಮುದ್ರಣದ ಯುಗದಲ್ಲಿ ಕನ್ನಡ ಲಿಪಿಯ ಮುಂದೆ ಹಿಂಜರಿದ ಆ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು 2024ರ ಸೆಪ್ಟೆಂಬರಿನಲ್ಲಿ, ತುಳು-ತಿಗಳಾರಿ ಎಂಬ ಹೆಸರಿನಿಂದ. ಕನ್ನಡಕ್ಕೂ ಅದಕ್ಕೂ ನಡುವೆ 33 ವರ್ಷಗಳ ಅಂತರ. ಒಂದು ಲಿಪಿಗಾಗಿ ಸಕಾಲದಲ್ಲಿ ಚಿಂತಿಸುವವರು ಇದ್ದರೆ ಏನಾಗುತ್ತದೆ, ತಡವಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಉಪಸಂಹಾರ

ಫ. ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿಗಳಲ್ಲಿ ಹುದುಗಿದ್ದ ಶರಣರ ವಚನಗಳನ್ನು ಸಂಗ್ರಹಿಸಿ, ಅವುಗಳ ಮುದ್ರಣಕ್ಕೆಂದೇ 1925ರಲ್ಲಿ ವಿಜಯಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. ಅದು ಓಲೆಗರಿಯಿಂದ ಕಾಗದಕ್ಕೆ ದಾಟಿಸಿದ ಕಾಯಕ. 1993ರಲ್ಲಿ 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯ ಹೊರಬಂದಿತು. ಇಂದು ಸಾವಿರಾರು ವಚನಗಳನ್ನು ಗಣಕದಲ್ಲಿ ಪದವಿಡಿದು, ಅಂಕಿತವಿಡಿದು ಹುಡುಕಬಹುದಾಗಿದೆ. ಅಕ್ಷರವು ಯಂತ್ರದೊಳಗೆ ಆಕಾರದ ಚೂರಾಗಿ ಉಳಿದಿದ್ದರೆ ಈ ಹುಡುಕಾಟ ಹೀಗೆ ಸುಗಮವಾಗುತ್ತಿರಲಿಲ್ಲ; ಅದು ಧ್ವನಿಯಾಗಿ ನೆಲೆಸಿದ್ದರಿಂದ ಆಯಿತು. ಕಾಗದದಿಂದ ಯಂತ್ರಕ್ಕೆ ದಾಟಿಸಿದ ಕಾಯಕದಲ್ಲಿ ಕರಾವಳಿಯ ಆ ಕೀಲಿಮಣೆಗೂ ಒಂದು ಪಾಲಿದೆ.

ಹಿಂದಿರುಗಿ ನೋಡಿದಾಗ ಆ ಹಳೆಯ ಯಂತ್ರಗಳ ಬಡತನವು ಒಂದು ಉಪಕಾರವನ್ನೂ ಮಾಡಿತೆಂದು ತೋರುತ್ತದೆ. ಜಾಗವು ಧಾರಾಳವಾಗಿದ್ದರೆ ಹದಿನೈದು ಸಾವಿರ ಆಕಾರಗಳನ್ನು ಹಾಗೆಯೇ ತುಂಬಿಟ್ಟು ಸುಮ್ಮನಾಗಬಹುದಿತ್ತು. ಜಾಗ ಸಾಲದೆ ಹೋದುದರಿಂದ, ಕನ್ನಡದ ಬರಹದಲ್ಲಿ ಮೂಲವಾದುದು ಯಾವುದು, ಅದರಿಂದ ಹುಟ್ಟುವುದು ಯಾವುದು ಎಂದು ಬಿಡಿಸಿ ನೋಡಬೇಕಾಯಿತು. ಆ ಯಂತ್ರಗಳು ಗುಜರಿ ಸೇರಿವೆ. ಅವುಗಳಿಗಾಗಿ ಮಾಡಿದ ವಿಚಾರ ಮಾತ್ರ ಇಂದಿಗೂ ಬೆರಳ ತುದಿಯಲ್ಲಿ ದುಡಿಯುತ್ತಿದೆ.

ಶರಣರು ಕಾಯಕವನ್ನು ಹೇಳುವಾಗ ಅದರ ಜೊತೆಗೆ ದಾಸೋಹವನ್ನೂ ಹೇಳಿದರು. ದುಡಿದು ಪಡೆದುದು ತನ್ನಲ್ಲಿಯೇ ನಿಲ್ಲದೆ ಸಮಾಜಕ್ಕೆ ಸಲ್ಲಬೇಕೆಂಬುದು ಅದರ ತಿರುಳು. ಅನ್ನವನ್ನು ಬಡಿಸುವುದು ದಾಸೋಹವಾದಂತೆ, ಅಕ್ಷರವನ್ನು ಬೆಲೆಯಿಲ್ಲದೆ ಬಡಿಸುವುದೂ ದಾಸೋಹವೇ. ಇಂದು ಕೈಯಲ್ಲಿ ಹಿಡಿದ ಫೋನಿನಲ್ಲಿ ತಾಯಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವ ವಿದ್ಯಾರ್ಥಿಯು ಆ ಪಂಕ್ತಿಯಲ್ಲಿ ಕುಳಿತು ಉಂಡವನೇ. ಉಂಡವನಿಗೆ ಬಡಿಸುವ ಹೊಣೆಯೂ ಬರುತ್ತದೆ. ಊರಿನ ಹಳೆಯ ಮನೆಗಳಲ್ಲಿ, ಮಠಗಳಲ್ಲಿ, ಶಾಲೆಯ ಕಪಾಟುಗಳಲ್ಲಿ ಇನ್ನೂ ದಾಟದೆ ಉಳಿದಿರುವ ಬರಹಗಳು ಎಷ್ಟೋ ಇವೆ. ಅವುಗಳಲ್ಲಿ ಒಂದನ್ನು ತೆಗೆದುಕೊಂಡು, ತಪ್ಪಿಲ್ಲದೆ ಬೆರಳಚ್ಚಿಸಿ, ಮುಂದಿನವರಿಗೆ ಓದಲು ಬರುವಂತೆ ಇಡುವುದು ಈ ಪಾಠದ ಅಭ್ಯಾಸವೆಂದು ವಿದ್ಯಾರ್ಥಿಗಳು ತಿಳಿಯಬಹುದು.